ಎಡಗಾಲಿನ ಅಟ್ಟೆ

ನಮ್ಮೂರಿನಲ್ಲಿ ಉಣ್ಣೆಯ ಮೆಟ್ಟು ಸಂಜೆಯಾದರೆ ತನ್ನನ್ನು ಹೊಲಿದವರ ಬಳಿಗೆ ಬಂದುಬಿಡುತ್ತದೆ. ಮೆಟ್ಟಿಕೊಂಡವರನ್ನೂ ಕರೆದುಕೊಂಡೇ ಬರುತ್ತದೆ ಅನ್ನಿ. ಬೆಟ್ಟದ ನೆತ್ತಿಯಿಂದ ಮಬ್ಬು ಇಳಿದು, ನಮ್ಮ ಕೈಬೆರಳು ನಮಗೇ ಕಾಣದಂತಾದ ಮೇಲೆ ಇಲ್ಲಿಯ ಜನ ದಾರಿ ಹುಡುಕುವುದಿಲ್ಲ. ಕಾಲನ್ನು ಸಡಿಲ ಬಿಟ್ಟು, ಏನಾದರೊಂದು ಪದ ಗುನುಗುತ್ತ ನಡೆಯುತ್ತಾರೆ. ಕುರಿ ಕಾಯಲು ಹೋದವನಿರಲಿ, ಕಣಿವೆಗೆ ಹೇಸರಗತ್ತೆ ಹೊಡೆದುಕೊಂಡು ಹೋದವನಿರಲಿ, ಯಾರದೋ ಜಗಲಿಯಲ್ಲಿ ಹರಟೆಗೆ ಕೂತು ಮನೆ ಮರೆತವನಿರಲಿ, ಹೊಲಿದವಳ ಒಲೆಯ ಮುಂದೆ ಬಂದು ನಿಂತಿರುತ್ತಾನೆ. ಅದಕ್ಕೇ ನಮ್ಮಲ್ಲಿ ಹೊಸ ಸೊಸೆ ಮೊದಲು ಕಲಿಯುವುದು ಅಡುಗೆಯಲ್ಲ, ಮೆಟ್ಟು ಹೊಲಿಯುವುದು. ಅದೊಂದು ಬರದಿದ್ದರೆ ಗಂಡ ದಿನಾ ಸಂಜೆ ತಾಯಿಯ ಮನೆಗೆ ಹೋಗಿ ಉಂಡು ಮಲಗುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ.

ನಾನು ಮಾತ್ರ ಕಲಿಯದೆ ಉಳಿದೆ. ಮನೆಯಲ್ಲಿ ನಮ್ಮತ್ತೆ ಹೊಂಬಾಳಮ್ಮ ಇದ್ದರು. ಅವರ ಮಗನಿಗೆ, ನನಗೆ, ನಮ್ಮ ಮಗಳು ಚುಕ್ಕಿಗೆ, ಎಲ್ಲರಿಗೂ ಅವರೇ ಹೊಲಿಯುತ್ತಿದ್ದರು. ಕುರಿಯ ಉಣ್ಣೆಯನ್ನು ಬಿಸಿನೀರಿನಲ್ಲಿ ತುಳಿದು ತುಳಿದು ರೊಟ್ಟಿಯಷ್ಟು ದಪ್ಪ ಮಾಡಿ, ಅದರಿಂದ ಮೊಣಕಾಲು ಮುಟ್ಟುವ ಮೇಲ್ಭಾಗ ಮಾಡುತ್ತಿದ್ದರು. ಹಳೆ ಕಂಬಳಿಯ ಚೂರುಗಳನ್ನು ಒಂದರ ಮೇಲೊಂದು ಪೇರಿಸಿ, ಮೇಕೆಗೂದಲಿನ ಹುರಿಯಿಂದ ಒತ್ತೊತ್ತಾಗಿ ಹೊಲಿದರೆ ಅಟ್ಟೆ. ಒಳಗೆ ಒಂದು ಹಿಡಿ ಒಣಹುಲ್ಲು. ದಬ್ಬಳ ಅಟ್ಟೆಯಿಂದ ಈಚೆಗೆ ಬರುವಾಗ ಅತ್ತೆಯ ಬಾಯಿಂದ ‘ಹ್ಞೂಂ’ ಎಂದು ಒಂದು ಸದ್ದು ಬರುತ್ತಿತ್ತು. ಒಲೆಯ ಮುಂದೆ ಕೂತ ನನಗೆ ಆ ಸದ್ದು ಕೇಳುತ್ತಿದ್ದರೆ ಮನೆ ಸರಿಯಾಗಿದೆ ಎಂದು ಅರ್ಥ. ಚುಕ್ಕಿಯಂತೂ ಸಂಜೆ ಶಾಲೆಯಿಂದ ಬಂದವಳು ಅಜ್ಜಿಯ ಮಂಡಿಗೆ ಢಿಕ್ಕಿ ಹೊಡೆದೇ ನಿಲ್ಲುತ್ತಿದ್ದಳು.

ನಮ್ಮ ಪುರಸಭೆಯ ಅಧ್ಯಕ್ಷರು ಪರ್ವತಯ್ಯನವರು. ಅವರು ಒಂದು ಸಲ ಬಯಲಿನ ಯಾವುದೋ ದೊಡ್ಡ ಊರಿಗೆ ಹೋಗಿ ಬಂದವರೇ ಸಭೆ ಕರೆದರು. “ನಮ್ಮ ಮೆಟ್ಟು ನೋಡಿದ್ರೆ ಹೊರಗಿನೋರು ನಗ್ತಾರೆ ಕಣ್ರಪ್ಪ” ಅಂದರು. ನಮ್ಮೂರಿಗೆ ಹೊರಗಿನವರು ಇದುವರೆಗೆ ಬಂದಿಲ್ಲ. ಬಂದರೆ ಇರಲಿ ಎಂದು ಕಟ್ಟಿಸಿದ ಅತಿಥಿಗೃಹದಲ್ಲಿ ಪುರಸಭೆಯ ಕುರಿಗಳಿವೆ. ಆದರೂ ಮುಂದೆಂದೋ ಬರಲಿರುವವರ ನಗುವಿಗೆ ಎಲ್ಲರಿಗೂ ಒಳಗೊಳಗೇ ನಾಚಿಕೆಯಾಯಿತು. ಹೇಸರಗತ್ತೆಗಳ ಬೆನ್ನ ಮೇಲೆ ಮೂಟೆ ಮೂಟೆ ರಬ್ಬರ್ ಬೂಟು ಬಂದವು. ಮೊದಲು ಶಾಲೆಯ ಮಕ್ಕಳಿಗೆ ಕಡ್ಡಾಯವಾಯಿತು, ಆಮೇಲೆ ಪುರಸಭೆಯವರಿಗೆ. ಪುರಸಭೆಯವರ ಹಾಗೆ ಕಾಣಬೇಕೆಂದವರು ಕಡ್ಡಾಯಕ್ಕೆ ಕಾಯಲಿಲ್ಲ. ಚುಕ್ಕಿ ಕಪ್ಪಗೆ ಮಿಂಚುವ ಬೂಟು ತೊಟ್ಟು ಅಂಗಳದ ತುಂಬ ಕುಣಿದಳು. “ಅವ್ವಾ, ಕೇಳಿಲ್ಲಿ, ಕಪ್ಪೆ ಥರ ಕೂಗ್ತದೆ!” ಚೊಂಯ್ ಚೊಂಯ್ ಎಂಬ ಸದ್ದಿಗೆ ನಾನೂ ನಕ್ಕೆ.

ಆ ಬೂಟುಗಳನ್ನು ಯಾರೂ ಹೊಲಿದಿರಲಿಲ್ಲ. ಯಾರೂ ಹೊಲಿಯದ್ದರಿಂದ ಅವು ಸಂಜೆಗೆ ಯಾರ ಮನೆಗಾದರೂ ಹೋಗುತ್ತಿದ್ದವು. ಮೊದಲ ಸಂಜೆ ನಾನು ಚುಕ್ಕಿಗಾಗಿ ಬಾಗಿಲಲ್ಲಿ ನಿಂತಿದ್ದರೆ, ಮಬ್ಬಿನಿಂದ ಗಿರಣಿಯವರ ಮಗ ಚೊಂಯ್ ಚೊಂಯ್ ಎನ್ನುತ್ತ ಬಂದು, “ಇದ್ಯಾರ ಮನೆ?” ಎಂದು ಕೇಳಿದ. ಹಸಿದು ಬಂದ ಮಗು ಹೊಸ್ತಿಲಲ್ಲಿ ನಿಂತು ಯಾರ ಮನೆ ಎಂದು ಕೇಳಿದರೆ ಏನು ಹೇಳುವುದು? ಜವೆಗೋಧಿಯ ಗಂಜಿ ಬಡಿಸಿ ಕೂರಿಸಿದೆ. ನನ್ನ ಮಗಳು ನಾಲ್ಕು ಬೀದಿಯಾಚೆ ದ್ಯಾವಕ್ಕನ ಮನೆಯಲ್ಲಿ ಉಂಡು ಮಲಗಿದ್ದಾಳೆಂದು ಮರುದಿನ ತಿಳಿಯಿತು. ಬುಗ್ಗೆಯ ಹತ್ತಿರ ನೀರಿಗೆ ಸೇರಿದ ಹೆಂಗಸರಿಗೆಲ್ಲ ಆಮೇಲೆ ದಿನಾ ಅದೇ ಮಾತು. “ನಿನ್ನ ಮಗ ಮೂಲಂಗಿ ಮುಟ್ಟಲ್ಲ ಅಂತಿದ್ದೆ, ನಮ್ಮನೇಲಿ ತಟ್ಟೆ ನೆಕ್ಕಿದ ಕಣೇ!” “ನಿಮ್ಮ ಯಜಮಾನ್ರು ನೆನ್ನೆ ನಮ್ಮನೆಗೆ ಬಂದಿದ್ರು. ಕೊಟ್ಟಿಗೆ ಮಾಡು ಸರಿ ಮಾಡಿಕೊಟ್ರು.” “ಹೌದಾ? ನಮ್ಮನೇದು ಮೂರು ವರ್ಷದಿಂದ ಸೋರ್ತದೆ.”

ಪುರಸಭೆಗೆ ದೂರು ಹೋಯಿತು. ಸಮಿತಿ ಕೂತಿತು. ಬೂಟಿನಲ್ಲಿ ದೋಷವಿಲ್ಲ, ಮನೆಗಳು ಒಂದೊಂದು ಒಂದೊಂದು ಥರ ಇರುವುದೇ ದೋಷ ಎಂದು ಸಮಿತಿ ಕಂಡುಹಿಡಿಯಿತು. ಬಣ್ಣದ ಕೆಂಪಣ್ಣನನ್ನು ಕರೆಸಿ ಊರಿನ ಎಲ್ಲ ಬಾಗಿಲಿಗೂ ಒಂದೇ ನೀಲಿ ಬಳಿಸಿದರು. ಎಲ್ಲ ಮನೆಯೂ ಒಂದೇ ಆದರೆ ಯಾವ ಮನೆಗೆ ಹೋದರೇನು, ಎಂಬುದು ಅದರ ತರ್ಕ. ಅದಾದ ಮೇಲೆ ದೂರು ಕೊಡುವವರೂ ಕಡಿಮೆಯಾದರು. ಜನಕ್ಕೆ ಎಲ್ಲವೂ ಒಗ್ಗುತ್ತದೆ. ಯಾರ ಅಳತೆಗೂ ಹೆಚ್ಚುಕಮ್ಮಿ ಆಗುವಂಥ ಅಂಗಿಗಳನ್ನು ಒಂದೊಂದು ಮನೆಯಲ್ಲೂ ಗೂಟಕ್ಕೆ ತೂಗುಹಾಕಿದರು. ಮುದ್ದೆ, ಗಂಜಿಯನ್ನು ಹೆಚ್ಚು ಕಾರವೂ ಅಲ್ಲದೆ ಸಪ್ಪೆಯೂ ಅಲ್ಲದೆ ಮಾಡುವುದನ್ನು ಹೆಂಗಸರು ಕಲಿತರು.

ನನಗೆ ಒಗ್ಗಲಿಲ್ಲ. ಶಾಲೆಯ ಬಾಗಿಲಿಗೇ ಹೋಗಿ ಮಗಳ ಕೈ ಹಿಡಿದುಕೊಂಡು ಹೊರಟೆ. ಮೂಲೆ ತಿರುಗುವಲ್ಲಿ ಅತ್ತೆ ಹೊಲಿದ ನನ್ನ ಮೆಟ್ಟು ಎಡಕ್ಕೆ ಎಳೆದವು, ಅವಳ ಬೂಟು ಬಲಕ್ಕೆ. ಅವಳ ತೋಳೂ ನನ್ನ ತೋಳೂ ರಬ್ಬರಿನದಲ್ಲವಲ್ಲ, ಬಿಡಬೇಕಾಯಿತು. ಇನ್ನೊಂದು ದಿನ ಬೆನ್ನ ಮೇಲೆ ಹೊತ್ತುಕೊಂಡೆ. ಬೂಟುಗಳು ಗಾಳಿಯಲ್ಲೇ ನಡೆಯತೊಡಗಿ ಇಬ್ಬರನ್ನೂ ಹಿಮದಲ್ಲಿ ಕೆಡವಿದವು. ಬೂಟು ಬಿಚ್ಚಿಸಿ ಕಂಬಳಿಯಲ್ಲಿ ಸುತ್ತಿಕೊಂಡು ತಂದ ದಿನ ಮಗು ಮನೆ ಸೇರಿತು. ಮರುದಿನವೇ ಶಾಲೆಯ ಗೋಡೆಯ ಮೇಲೆ ಅಪ್ಪಣೆ: ಯಾವುದಾದರೂ ಹೊಸ್ತಿಲು ದಾಟುವ ಮುನ್ನ ಬೂಟು ಬಿಚ್ಚಿದ ಮಕ್ಕಳಿಗೆ ಶಾಲೆಯಲ್ಲಿ ಜಾಗವಿಲ್ಲ. ಚುಕ್ಕಿಗೆ ಶಾಲೆಯೆಂದರೆ ಪ್ರಾಣ. ಓದುವುದು ಬಿಡಿಸಲು ನನಗೆ ಮನಸ್ಸಾಗಲಿಲ್ಲ.

ಹಗಲು ಊಟದ ಬಿಡುವಿನಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ಒಂದು ದಿನ ತಲೆ ಬಾಚುತ್ತ, “ನೆನ್ನೆ ಎಲ್ಲಿದ್ದೆ ಮರಿ?” ಎಂದು ಕೇಳಿದೆ.

“ದ್ಯಾವಕ್ಕನ ಮನೇಲಿ. ಹಾಲುಬಾಯಿ ಮಾಡಿದ್ರು. ಅವ್ವಾ, ನೀನು ಯಾಕೆ ಹಾಲುಬಾಯಿ ಮಾಡಲ್ಲ?”

“ಬಂದ್ರೆ ಮಾಡ್ತೀನಿ.”

“ಬೂಟು ಬಂದ್ರೆ ಬರ್ತೀನಿ” ಎಂದು ಹೇಳಿ ಅವಳು ಆಟಕ್ಕೆ ಓಡಿದಳು. ಅರ್ಧ ಹಾಕಿದ ಜಡೆ ನನ್ನ ಕೈಯಿಂದ ಜಾರಿತು. ಅವಳು ಅಳುತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಆರಾಮವಾಗಿದ್ದಳು, ಅದಕ್ಕೇನು ಮಾಡುವುದು?

ಅದೇ ವಾರ ಡಂಗುರ ಸಾರಿದರು. ಹುಣ್ಣಿಮೆಯ ದಿನ ನಡಿಗೆಯ ಹಬ್ಬ. ರಬ್ಬರ್ ಬೂಟಿನವರೆಲ್ಲ ಸಂಜೆ ಚೌಕದಲ್ಲಿ ಸೇರಬೇಕು, ಗಂಟೆ ಹೊಡೆದ ಮೇಲೆ ನಡೆಯಬೇಕು. ಯಾರು ಯಾವ ಮನೆ ಸೇರುತ್ತಾರೋ ಅವರ ಹೆಸರನ್ನು ಕೆಂಪಣ್ಣ ಆ ಮನೆಯ ಬಾಗಿಲ ಮೇಲೆ ಬರೆಯುತ್ತಾನೆ. ಅಲ್ಲಿಂದಾಚೆಗೆ ಅದೇ ಅವರ ಮನೆ. ದಿನಾ ಅಲೆಯುವ ತೊಂದರೆ ತಪ್ಪಲೆಂದು ಈ ಏರ್ಪಾಡು. ಚೌಕಕ್ಕೆ ಬಾರದೆ ಮನೆಯಲ್ಲೇ ಅಡಗಿ ಕೂತ ಬೂಟಿನವರ ಹೆಸರು ಯಾವ ಬಾಗಿಲ ಮೇಲೂ ಇರುವುದಿಲ್ಲ, ಹೆಸರಿಲ್ಲದವರಿಗೆ ಪುರಸಭೆಯ ಹಿಟ್ಟಿಲ್ಲ, ಶಾಲೆಯಿಲ್ಲ. ಹಳೆ ಮೆಟ್ಟಿನವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ, ಅವರು ಇದ್ದಲ್ಲೇ ಇರಬಹುದು. ಡಂಗುರ ಕೇಳಿ ನಾನು ರೊಟ್ಟಿ ಹಂಚಿನ ಮೇಲೆ ಬಿಟ್ಟು ಜಗಲಿಗೆ ಬಂದೆ. ಅತ್ತೆ ತಮ್ಮ ಕೈಗಳನ್ನು ಬಿಸಿಲಿಗೆ ಒಡ್ಡಿಕೊಂಡು ಕೂತಿದ್ದರು. ಆ ಚಳಿಗಾಲದಲ್ಲಿ ಅವರ ಬೆರಳು ಮಡಚಲು ಬಾರದಷ್ಟು ಬಿಗಿದುಹೋಗಿದ್ದವು.

“ಅತ್ತೇ, ಮೆಟ್ಟು ಹೊಲಿಯೋದು ಹೇಳಿಕೊಡಿ” ಅಂದೆ.

“ಈಗ ಕೇಳಿದ್ಯಾ” ಎಂದರು ಅವರು. ಆಮೇಲೆ, “ರಬ್ಬರು ತೆಗೆಯೋ ಹಂಗಿಲ್ಲ ಅಂದ್ರೆ ರಬ್ಬರಿನ ಒಳಗೆ ತೊಡಿಸು. ತೆಳ್ಳಗೆ ಹೊಲಿ. ಮೇಲೆ ಏನಾದ್ರೂ ಕೂಗ್ಲಿ, ಕಾಲು ಒಳಗಿರೋದರ ಮಾತೇ ಕೇಳೋದು.”

ಅಳತೆಯನ್ನು ಗೇಣಿನಲ್ಲೇ ತೆಗೆಯಬೇಕು, ಹೊಲಿಯುವವಳ ಗೇಣಿನಲ್ಲೇ. ಊಟದ ಬಿಡುವಿನಲ್ಲಿ ಚುಕ್ಕಿಯ ಪಾದವನ್ನು ಅಂಗೈಯಲ್ಲಿ ಇಟ್ಟುಕೊಂಡೆ. “ಅಯ್ಯೋ ಕಚಗುಳಿ! ಬಿಡವ್ವಾ, ಎಲ್ಲಾರೂ ನೋಡ್ತಾರೆ!” ನನ್ನ ಗೇಣಿಗಿಂತ ಒಂದು ಬೆರಳು ಕಡಿಮೆ ಇತ್ತು. ಅಂಬೆಗಾಲಿಡುವಾಗ ಆ ಪಾದ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಿತ್ತು ಅಷ್ಟೇ.

ಬಿಡುವು ಮಾಡಿಕೊಂಡು ಹೊಲಿಯುವುದಕ್ಕೆ ನನಗೆಲ್ಲಿ ಬಿಡುವು? ಹಾಲು ಕಾಯುವಷ್ಟು ಹೊತ್ತು ನಾಲ್ಕು ಹೊಲಿಗೆ, ಹಿಟ್ಟು ನೆನೆಯುವಷ್ಟು ಹೊತ್ತು ಆರು. ಸಂಜೆಯಾದರೆ ಯಾರ್ಯಾರದೋ ಮಕ್ಕಳು, ಯಾರ್ಯಾರದೋ ಗಂಡಂದಿರು ಬಂದು ಕೂರುತ್ತಿದ್ದರು. ಬಂದವರು ಬರಿಗೈಯಲ್ಲಿ ಉಣ್ಣಬಾರದು ಎಂಬುದು ನಮ್ಮ ಕಡೆಯ ರೂಢಿ. ತಟ್ಟೆಗೆ ಕೂರುವ ಮುನ್ನ ಆ ಮನೆಯ ಒಂದು ಕೈಗೆಲಸ ಮಾಡಿಕೊಡಬೇಕು. ಮಕ್ಕಳಾದರೆ ಉಣ್ಣೆ ಹಿಂಜುತ್ತಿದ್ದವು. ಪರ್ವತಯ್ಯನವರೂ ಆಗಾಗ ನಮ್ಮ ಮನೆಗೇ ಬಂದು ಬೀಳುತ್ತಿದ್ದರು. ತಾವೇ ತರಿಸಿದ ಬೂಟು, ಬಿಚ್ಚಿಡಲು ಅವರಿಗೆ ಹೇಗೆ ಸಾಧ್ಯ? “ಇದು ಅಧಿಕೃತ ಭೇಟಿ ತಂಗ್ಯವ್ವ” ಎಂದು ಬಾಗಿಲಲ್ಲೇ ಹೇಳಿ ಒಳಗೆ ಬರುತ್ತಿದ್ದರು. ಮೊದಲ ಸಲ ಪಾತ್ರೆ ತೊಳೆಯಲು ಕೊಟ್ಟೆ, ಗಂಜಿಯ ಮಡಕೆ ಒಡೆದರು. ಎರಡನೆಯ ಸಲ ಕಟ್ಟಿಗೆ ಒಡೆಯಲು ಕೊಟ್ಟರೆ ಕೊಡಲಿಯ ಕಾವು ಮುರಿದರು. ಆಮೇಲೆ ಬಂದ ದಿನ ಗಿರಣಿಯವರ ಮಗುವಿಗೆ ಜ್ವರ. ಅದರ ಹಣೆಗೆ ಒದ್ದೆ ಬಟ್ಟೆ ಹಾಕುವ ಗಡಿಬಿಡಿಯಲ್ಲಿದ್ದೆ. ಕೈಯಲ್ಲಿದ್ದ ಅಟ್ಟೆಯನ್ನೂ ದಬ್ಬಳವನ್ನೂ ಅವರಿಗೆ ಕೊಟ್ಟು, “ಇದಕ್ಕೆ ನಾಲ್ಕು ಹೊಲಿಗೆ ಹಾಕಿ ಅಧ್ಯಕ್ಷರೇ, ಬಿಸಿ ಪಾತ್ರೆ ಇಳಿಸೋ ಮಸಿಬಟ್ಟೆ” ಎಂದೆ.

ಆಶ್ಚರ್ಯವೆಂದರೆ ಮನುಷ್ಯನಿಗೆ ಅದು ಹಿಡಿಸಿಬಿಟ್ಟಿತು. ನಾಲಿಗೆಯನ್ನು ಹೊರಗೆ ಚಾಚಿಕೊಂಡು, ಸಣ್ಣ ಹುಡುಗ ಅಕ್ಷರ ತಿದ್ದುವ ಹಾಗೆ ಕೂತು ಹೊಲಿದರು. ಊಟಕ್ಕೆ ಕರೆದರೂ ಏಳಲಿಲ್ಲ. “ಸಭೇಲಿ ಒಂದು ಕೆಲಸ ಮುಗಿಯಲ್ಲ ಕಣವ್ವ. ಇಲ್ಲಿ ಚುಚ್ಚಿದ್ರೆ ಅಲ್ಲಿ ಬರ್ತದೆ. ಎಷ್ಟು ಚೆನ್ನಾಗೈತೆ!” ಎಂದರು. ಮಗುವಿನ ಜ್ವರ ಇಳಿಯುವ ಹೊತ್ತಿಗೆ ಅಟ್ಟೆ ಮುಗಿದಿತ್ತು. ನನಗೂ ಒಂದು ಕೆಲಸ ಕಡಿಮೆಯಾಯಿತಲ್ಲ ಎಂದು ಸಂತೋಷವೇ ಆಯಿತು. ಅದನ್ನು ಎಡಗಾಲಿಗೆ ಕೂಡಿಸಿದೆ.

ಹುಣ್ಣಿಮೆಗೆ ಇನ್ನೆರಡು ದಿನವಿದ್ದಾಗ ಮೆಟ್ಟು ಮುಗಿಯಿತು. ಮುಗಿಸಿದ ಹೆಮ್ಮೆಯಲ್ಲಿ ಅತ್ತೆಯ ಮಡಿಲಲ್ಲಿ ಇಟ್ಟೆ. ಅವರು ಬಲಗಾಲಿನದನ್ನು ಸವರಿ, “ಹೊಲಿಗೆ ಸೊಟ್ಟ, ಆದ್ರೂ ನಿಂದು” ಅಂದರು. ಎಡಗಾಲಿನದನ್ನು ಸವರಿದವರು ಮತ್ತೊಮ್ಮೆ ಸವರಿ ನೋಡಿದರು.

“ಇದ್ಯಾರ ಕೈ?”

ಹೇಳಿದೆ. ಅತ್ತೆ ತಣ್ಣಗೆ, “ನೆಲ ಮುಟ್ಟೋದು ಅಟ್ಟೆ ಕಣಮ್ಮಿ. ಅಟ್ಟೆ ಯಾರು ಹೊಲಿದ್ರೋ ಅವರ ಹತ್ರಕ್ಕೆ ಹೋಗ್ತದೆ. ಬಲಗಾಲು ನಿನ್ನ ಹತ್ರ ಬರ್ತದೆ, ಎಡಗಾಲು ಪರ್ವತನ ಹತ್ರ ಹೋಗ್ತದೆ. ಮಗಾನ ಎರಡು ಹೋಳು ಮಾಡಿ ಬಾಗಿಲ ಮೇಲೆ ಬರೆಸ್ತೀಯಾ?” ಎಂದು ಕೇಳಿದರು.

ಬಿಚ್ಚಿ ಹೊಲಿಯೋಣವೆಂದರೆ ದಬ್ಬಳ ತೂತು ಮಾಡಿದ ಕಂಬಳಿ ಇನ್ನೊಂದು ಹೊಲಿಗೆ ತಡೆಯುವುದಿಲ್ಲ, ಚಿಂದಿಯಾಗುತ್ತದೆ. ಹೊಸದು ಹೊಲಿಯೋಣವೆಂದರೆ ಮನೆಯಲ್ಲಿ ಉಳಿದಿದ್ದ ಹುರಿ ಒಂದು ಅಟ್ಟೆಗೂ ಸಾಕಾಗುತ್ತಿರಲಿಲ್ಲ, ಹೊಸದು ಹೊಸೆಯಲು ಸಮಯವೂ ಇರಲಿಲ್ಲ. ಬೂಟು ಬಂದ ಮೇಲೆ ಊರಲ್ಲಿ ಯಾರೂ ಹುರಿ ಹೊಸೆಯುತ್ತಿರಲಿಲ್ಲ. ನಮ್ಮ ಯಜಮಾನರು ಹೇಸರಗತ್ತೆಗೆ ಹುಲ್ಲು ಹಾಕಿ ಬಂದು ಎಲ್ಲ ಕೇಳಿಸಿಕೊಂಡು, “ಹಂಗಾದ್ರೆ ಅಧ್ಯಕ್ಷರೂ ನಮ್ಮನೆಗೇ ಬಂದ್ರೆ ಸರಿಹೋಯ್ತಲ್ಲ” ಎಂದರು. ತಮಾಷೆಗೆ ಅಂದದ್ದು. ಆದರೆ ಲೆಕ್ಕ ಸರಿಯಾಗಿತ್ತು. ಹುಣ್ಣಿಮೆಯ ಸಂಜೆ ಪರ್ವತಯ್ಯ ನನ್ನ ಒಲೆಯ ಮುಂದೆ ಇದ್ದರೆ ಮಾತ್ರ ನನ್ನ ಮಗಳ ಎರಡು ಕಾಲೂ ನನ್ನ ಮನೆಗೆ ಬರುತ್ತವೆ. ರಬ್ಬರ್ ಬೂಟಿನ ಅಧ್ಯಕ್ಷರು ಆ ಸಂಜೆ ಎಲ್ಲಿಗೆ ಹೋಗುತ್ತಾರೋ ಯಾರು ಬಲ್ಲರು?

ಮರುದಿನ ಮಧ್ಯಾಹ್ನ ಅಧ್ಯಕ್ಷರೇ ಹಿತ್ತಿಲ ಬಾಗಿಲಿನಿಂದ ಬಂದರು. ಹಗಲು, ಬೂಟು ತಾನಾಗಿ ತಂದದ್ದಲ್ಲ. ಕಂಕುಳಲ್ಲಿ ಬಟ್ಟೆಯ ಗಂಟು. ಬಿಚ್ಚಿದರೆ ಒಂದು ಜೊತೆ ಹಳೆಯ ಉಣ್ಣೆ ಮೆಟ್ಟು. ಅವರ ಹೆಂಡತಿ ನಂಜಮ್ಮಣ್ಣಿ ಹೊಲಿದವು. ಅಟ್ಟೆ ಸವೆದು ಬೆರಳು ಆಚೆ ಇಣುಕುವಂತಿತ್ತು.

“ಹೊಂಬಾಳತ್ತೆ, ಇದಕ್ಕೊಂದು ಅಟ್ಟೆ ಹಾಕಿಕೊಡ್ಬೇಕು. ಯಾರಿಗೂ ಗೊತ್ತಾಗಬಾರ್ದು.”

“ಹೊರಗಿನೋರು ನಗಲ್ವಾ?” ಎಂದರು ಅತ್ತೆ.

“ಅಲ್ಲತ್ತೆ, ನಾಳೆ ಎಲ್ಲಾರೂ ಯಾರ ಮನೆಗಾದ್ರೂ ಹೋಗಬೋದು. ಅಧ್ಯಕ್ಷ ಆದೋನು ಯಾರ್ದೋ ಮನೆ ಬಾಗಿಲ ಮೇಲೆ ಹೆಸರು ಬರೆಸ್ಕೊಳಕ್ಕಾಗ್ತದಾ? ನಾನು ಸರಿಯಾಗಿ ನಮ್ಮನೆಗೇ ಹೋದ್ರೆ ಜನಕ್ಕೂ ಬೂಟಿನ ಮೇಲೆ ನಂಬಿಕೆ ಬರ್ತದೆ. ಮಸಿ, ಎಣ್ಣೆ ಹಚ್ಚಿ ಮಿಂಚಿಸಿದ್ರೆ ರಬ್ಬರಿನಂಗೇ ಕಾಣ್ತದೆ.”

“ನಂಜಮ್ಮಣ್ಣಿ ಕೈಲೇ ಹಾಕಿಸ್ಬೋದಿತ್ತಲ್ಲ.”

ಅವರು ತಲೆ ತಗ್ಗಿಸಿದರು. “ಬೂಟು ತರಿಸಿದ ದಿನವೇ ಅವಳು ದಬ್ಬಳಾನ ಬುಗ್ಗೆಗೆ ಎಸೆದ್ಲು. ಮಾತೂ ಬಿಟ್ಟವ್ಳೆ.”

ನನ್ನ ಅತ್ತೆ ನನ್ನ ಕಡೆ ನೋಡಿದರು. ಗಂಡಸರಿಗೆ ಅಟ್ಟೆಯ ಗುಟ್ಟು ಗೊತ್ತಿಲ್ಲ. ಮೆಟ್ಟು ಮನೆ ಮುಟ್ಟಿಸುತ್ತದೆ ಎಂಬಷ್ಟೇ ಅವರಿಗೆ ಗೊತ್ತು, ಯಾಕೆ ಎಂದು ಒಂದು ದಿನವೂ ಕೇಳಿದವರಲ್ಲ. “ಆಗ್ಲಿ, ಇಟ್ಟು ಹೋಗಪ್ಪ. ನಮ್ಮ ಸೊಸೆ ಹಾಕ್ತಾಳೆ” ಅಂದರು ಅತ್ತೆ, “ನಿನ್ನ ಕಾಲಿಗೆ ಎರಡು ಅಟ್ಟೆ ಆಗೋವಷ್ಟು ಹುರಿ ನಮ್ಮತ್ರ ಇಲ್ಲ. ಪುರಸಭೆ ಉಗ್ರಾಣದಲ್ಲಿ ಹಳೇ ಹುರಿ ಬಿದ್ದೈತಲ್ಲ, ತಂದುಕೊಡು.” ಅಧ್ಯಕ್ಷರೇ ಪಂಚೆಯ ಮಡಿಲಲ್ಲಿ ಹುರಿ ತಂದುಕೊಟ್ಟರು. ಅದು ಅವರ ಕಾಲಿಗೇ ಸರಿಹೋಯಿತು, ಚುಕ್ಕಿಗೆ ಉಳಿಯಲಿಲ್ಲ.

ನಾನು ರೊಟ್ಟಿ ತಟ್ಟುವುದನ್ನೂ ಬಿಟ್ಟು ಕೂತು ಹೊಲಿದೆ. ಕೈ ಹೊಲಿಯುತ್ತಿದ್ದರೂ ಮನಸ್ಸಿಗೆ ಮುಳ್ಳು ಚುಚ್ಚಿದಂತಿತ್ತು. ನನ್ನ ಮಗಳು ಮನೆಗೆ ಬರಲೆಂದು ಇನ್ನೊಬ್ಬಳ ಗಂಡನನ್ನು ಎಳೆದುಕೊಳ್ಳುವುದು ಯಾವ ನ್ಯಾಯ? ಬೆಳಿಗ್ಗೆ ಬುಗ್ಗೆಯ ಹತ್ತಿರ ನಂಜಮ್ಮಣ್ಣಿ ಸಿಕ್ಕಾಗ ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕೊಡ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಬಹಳ ದಿನದ ನಗು ಕೂಡಿಟ್ಟುಕೊಂಡಿದ್ದರೆಂದು ಕಾಣುತ್ತದೆ. “ಕರ್ಕೊಂಡು ಹೋಗವ್ವ ತಾಯಿ. ಹೆಸರೂ ಬರೆಸ್ಕೊಳ್ಲಿ. ನಾಳೆ ಬೆಳಿಗ್ಗೆ ಬಂದು ಕೇಳ್ತೀನಿ, ನೀವು ಯಾರ ಮನೆ” ಎನ್ನುವಷ್ಟರಲ್ಲಿ ಮತ್ತೆ ನಗು ಬಂದು ಮಾತು ಅರ್ಧಕ್ಕೇ ನಿಂತಿತು.

ಹುಣ್ಣಿಮೆಯ ದಿನ ಊಟದ ಬಿಡುವಿನಲ್ಲಿ ಚುಕ್ಕಿಯ ಬೂಟಿನೊಳಗೆ ಮೆಟ್ಟು ತೊಡಿಸಿದೆ. “ಬಿಗಿ ಆಗ್ತದಾ?” “ಇಲ್ಲ, ಬೆಚ್ಚಗೈತೆ. ಆದ್ರೆ ಕಪ್ಪೆ ಕೂಗು ಕಮ್ಮಿ ಆಯ್ತು” ಎಂದು ಮುಖ ಸಣ್ಣದು ಮಾಡಿಕೊಂಡಳು. ಸಂಜೆ ನಾನು ಚೌಕಕ್ಕೆ ಹೋಗುವಂತಿರಲಿಲ್ಲ. ಮೆಟ್ಟು ಬರುವುದು ಹೊಲಿದವಳ ಬಳಿಗೆ, ಹೊಲಿದವಳು ಮನೆಯಲ್ಲೇ ಇರಬೇಕು. ಒಲೆಯ ಮೇಲೆ ಹಾಲುಬಾಯಿ ಇಟ್ಟು, ಸೌಟು ಹಿಡಿದುಕೊಂಡೇ ಹೊಸ್ತಿಲಲ್ಲಿ ಕೂತೆ. ಮಬ್ಬು ಇಳಿಯಿತು. ಚೌಕದ ಗಂಟೆ ಹೊಡೆಯಿತು. ಊರಿನ ತುಂಬ ಚೊಂಯ್ ಚೊಂಯ್. ಯಾರ್ಯಾರೋ ನಮ್ಮ ಬಾಗಿಲವರೆಗೆ ಬಂದು, ತಿರುಗಿ, ಎದುರು ಮನೆಗೆ ಹೋದರು. ಒಂದೊಂದು ಸಲ ಸಣ್ಣ ಕಾಲಿನ ಸದ್ದು ಕೇಳಿದಾಗಲೂ ಏಳುವುದು, ಕೂರುವುದು.

ಆಮೇಲೆ ಗಟ್ಟಿಯಾದ ದನಿ ಕೇಳಿಸಿತು. “ಬಾರೋ ಕೆಂಪಣ್ಣ, ನನ್ನ ಹಿಂದೇನೇ ಬಾ. ಮೊದಲನೇ ಹೆಸರು ನಂದೇ ಇರ್ಲಿ. ಬೂಟು ಅಂದ್ರೆ ಏನು ಅಂತ ಜನಕ್ಕೆ ಗೊತ್ತಾಗ್ಲಿ.” ಮಬ್ಬಿನಿಂದ ಪರ್ವತಯ್ಯನವರು ಎದೆಯುಬ್ಬಿಸಿಕೊಂಡು ಬಂದು, ನೀಲಿ ಬಾಗಿಲು ತಳ್ಳಿ, ಹೊಸ್ತಿಲು ದಾಟಿ, “ನಂಜೂ, ಬಂದೆ ಕಣೇ! ನೋಡಿದ್ಯಾ?” ಎಂದು ಕೂಗಿದರು. ಎಲ್ಲ ಬಾಗಿಲಿಗೂ ಒಂದೇ ಬಣ್ಣ ಬಳಿಸಿದವರು ಅವರೇ ಅಲ್ಲವೇ.

ಒಲೆಯ ಪಕ್ಕದಿಂದ ಅತ್ತೆ, “ಬಾರಪ್ಪ, ಕೂತ್ಕೋ” ಎಂದರು.

ಅಧ್ಯಕ್ಷರ ಮುಖದ ಬಣ್ಣ ಇಳಿಯಿತು. ತಿರುಗಿ ಹೊರಡಲು ನೋಡಿದರು. ಸೊಂಟದ ಮೇಲಿನ ಭಾಗ ಬಾಗಿಲ ಕಡೆ ತಿರುಗಿತು, ಕಾಲು ಒಲೆಯ ಮುಂದೆ ನಾಟಿದಂತಿದ್ದವು. ಬಿಚ್ಚಿ ಓಡಿದರೆ ಮೆಟ್ಟಿನ ಗುಟ್ಟು ಕೆಂಪಣ್ಣನಿಗೆ ಗೊತ್ತಾಗುತ್ತದೆ. ಕೆಂಪಣ್ಣನಿಗೆ ಗೊತ್ತಾದರೆ ಊರಿಗೆ ಗೊತ್ತಾದಂತೆ. ಅವರು ಮೆಲ್ಲಗೆ ಕುಳಿತರು. ನಾನು ಅವರ ಕೈಗೆ ಬಿಸಿ ಗಂಜಿ ಕೊಟ್ಟು ಮತ್ತೆ ಹೊಸ್ತಿಲಿಗೆ ಓಡಿದೆ. ಬೀದಿಯಲ್ಲಿ ಸದ್ದು ಕಡಿಮೆಯಾಗುತ್ತ ಬಂದಿತ್ತು. ಅಲ್ಲೊಂದು ಇಲ್ಲೊಂದು ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಕೆಂಪಣ್ಣ ಬಣ್ಣದ ಡಬ್ಬಿಯ ಮುಚ್ಚಳ ತೆಗೆದು, “ಇಷ್ಟೇ ಜನಾನ? ಬರೆದುಬಿಡ್ಲಾ ಅಕ್ಕಾ?” ಎಂದು ಕೇಳಿದ.

“ತಡಿಯಪ್ಪ, ಒಂದು ಚಣ.”

“ಚಳಿಗೆ ಬಣ್ಣ ಗಟ್ಟಿ ಆಗ್ತದೆ ಅಕ್ಕಾ.”

“ಕುಂಚಾನ ಒಲೆ ಹತ್ರ ಹಿಡ್ಕೊ” ಎಂದರು ಅತ್ತೆ.

ಆಗ ಕೇಳಿಸಿತು. ಚೊಂಯ್, ಆಮೇಲೆ ನಿಶ್ಶಬ್ದ, ಮತ್ತೆ ಚೊಂಯ್. ಅರ್ಧ ಕಪ್ಪೆ. ಬೀದಿಯ ತುದಿಯಿಂದ ಮೊದಲು ಎಡಗಾಲು, ಅದರ ಬೆನ್ನಿಗೆ ಬಲಗಾಲು, ಎರಡೂ ಒಂದೇ ಕಡೆಗೆ. ಚುಕ್ಕಿ ಎರಡು ಕೈ ಮುಂದೆ ಚಾಚಿಕೊಂಡು ಮಬ್ಬಿನಿಂದ ಬಂದು ನನ್ನ ಮಂಡಿಗೆ ಢಿಕ್ಕಿ ಹೊಡೆದು ನಿಂತಳು. “ಇದ್ಯಾರ ಮನೆ?” ಎಂದು ಕೇಳಲು ಬಾಯಿ ತೆರೆದವಳು ನನ್ನ ಸೀರೆಯ ವಾಸನೆ ಹಿಡಿದು ಸುಮ್ಮನಾದಳು. ಆಮೇಲೆ ಮೂಗರಳಿಸಿ, “ಹಾಲುಬಾಯಿ!” ಎಂದಳು. ನಾನು ಅವಳ ಅರ್ಧ ಬಿಚ್ಚಿಹೋದ ಜಡೆಯನ್ನು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಒಲೆಯ ಮೇಲೆ ತಳ ಹಿಡಿಯುತ್ತಿತ್ತು, ಹಿಡಿಯಲಿ.

ಕೆಂಪಣ್ಣ ನಮ್ಮ ಬಾಗಿಲ ಮೇಲೆ ಹೆಸರು ಬರೆದ. ಹಳೆ ಮೆಟ್ಟಿನವರು ಲೆಕ್ಕಕ್ಕಿಲ್ಲದಿದ್ದರೂ ಮೊದಲು ಅತ್ತೆ, ಆಮೇಲೆ ನಮ್ಮ ಯಜಮಾನರು, ನಾನು, ಚುಕ್ಕಿ. ಬಂದ ಕ್ರಮ ನೋಡಿದರೆ ಅಧ್ಯಕ್ಷರು ಚುಕ್ಕಿಗಿಂತ ಮೊದಲು ಬಂದವರು. ಆದರೆ ಮನೆಯ ಮಗಳು ಹುಟ್ಟಿನಿಂದಲೇ ಬಂದವಳೆಂದು ಅತ್ತೆ ವಾದಿಸಿ ಅವರನ್ನು ಕೊನೆಗೆ ಹಾಕಿಸಿದರು. “ಅಲ್ಲಾ, ಇವರು ನಂಗೆ ಅಣ್ಣನೋ ತಮ್ಮನೋ?” ಎಂದು ನಮ್ಮ ಯಜಮಾನರು ಕೇಳಿದಾಗ ಪರ್ವತಯ್ಯನವರು ಹಾಲುಬಾಯಿಯ ತಟ್ಟೆಯಲ್ಲೇ ಮುಖ ಮುಚ್ಚಿಕೊಂಡರು.

ಬೆಳಿಗ್ಗೆ ನಂಜಮ್ಮಣ್ಣಿ ಬಂದು ಗಂಡನನ್ನು ಹಗಲು ಬೆಳಕಿನಲ್ಲಿ ಕರೆದುಕೊಂಡು ಹೋದರು. ಹೋಗುವಾಗ ನಮ್ಮ ಅತ್ತೆಯ ಹಳೆ ದಬ್ಬಳವೊಂದನ್ನು ಕೇಳಿ ಇಸಿದುಕೊಂಡರು. ಅದೇ ಮಧ್ಯಾಹ್ನ ಪುರಸಭೆ, ಚಳಿಯಲ್ಲಿ ಬಣ್ಣ ಸರಿಯಾಗಿ ಒಣಗದ ಕಾರಣ ಬಾಗಿಲ ಮೇಲಿನ ಹೆಸರುಗಳನ್ನು ಸದ್ಯಕ್ಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಡಂಗುರ ಹೊಡೆಸಿತು. ನಮ್ಮ ಬಾಗಿಲ ಮೇಲಿನ ಬಣ್ಣ ಮಾತ್ರ ಎಷ್ಟು ಉಜ್ಜಿದರೂ ಹೋಗಿಲ್ಲ. ನಾನು ಚುಕ್ಕಿಗೆ ಹೊಸ ಎಡಗಾಲಿನ ಅಟ್ಟೆ ಹೊಲಿದೆ, ಹುರಿಯನ್ನೂ ನಾನೇ ಹೊಸೆದೆ. ಆ ಹೊಸ ಅಟ್ಟೆ ಸಿದ್ಧವಾಗುವವರೆಗೆ ಅವಳು ಸಂಜೆ ಅಧ್ಯಕ್ಷರ ಮನೆಗೊಮ್ಮೆ ಹಾಯ್ದು, ನಂಜಮ್ಮಣ್ಣಿ ಕೊಟ್ಟ ಬೆಲ್ಲ ತಿಂದು, ಎಡಗಾಲಿನದನ್ನು ಅವರ ಮನೆಯೊಳಗೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬಲಗಾಲಿನ ಮೇಲೆ ಕುಂಟುತ್ತ ಮನೆಗೆ ಬರುತ್ತಿದ್ದಳು. ದ್ಯಾವಕ್ಕ ಬಂದು ಅಳತೆ ಕೇಳಿದಳು. ಗಿರಣಿಯವರ ಮನೆಯವಳೂ ಬಂದಳು. ಯಾರೂ ಏನೂ ಹೇಳಲಿಲ್ಲ, ಎಲ್ಲರ ಮನೆಯಲ್ಲೂ ಹಾಲು ಕಾಯುವಷ್ಟು ಹೊತ್ತು ‘ಹ್ಞೂಂ’ ಎಂಬ ಸದ್ದು ಕೇಳತೊಡಗಿತು. ಬರಬರುತ್ತ ಊರಿನ ಜನ ತಮ್ಮ ತಮ್ಮ ಮನೆಗೇ ಹೋಗತೊಡಗಿದರು. ರಬ್ಬರ್ ಬೂಟುಗಳಿಗೆ ಈಗ ಊರು ಅಭ್ಯಾಸವಾಗಿದೆ ಎಂದು ಸಮಿತಿ ಸಂತೋಷಪಟ್ಟಿತು.

ಕೊನೆಗೆ ಉಣ್ಣೆಯ ಮೆಟ್ಟು ಸಂಪೂರ್ಣ ಅಳಿದುಹೋಯಿತೆಂದು ಪುರಸಭೆ ತೀರ್ಮಾನಿಸಿತು. ಅಳಿದುಹೋದದ್ದಕ್ಕೆ ಗೌರವ ಸಲ್ಲಿಸಬೇಕಲ್ಲ. ಅತಿಥಿಗೃಹದಿಂದ ಕುರಿಗಳನ್ನು ಹೊರಗಟ್ಟಿ, ಒಂದು ಗಾಜಿನ ಪೆಟ್ಟಿಗೆ ಮಾಡಿಸಿ, ಅತ್ತೆ ಬಹಳ ಹಿಂದೆ, ಈಗ ತೀರಿಹೋಗಿರುವ ನಮ್ಮ ಮಾವನವರಿಗೆ ಹೊಲಿದಿದ್ದ ಒಂದು ಜೊತೆಯನ್ನು ಅದರಲ್ಲಿ ಇಟ್ಟರು. ಊರಿಗೆ ಊರೇ ಕಪ್ಪು ಬೂಟು ತೊಟ್ಟು ಬಂದು ಕೂತಿತು. ಅತ್ತೆಗೆ ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಪರ್ವತಯ್ಯನವರು ಮಾತಾಡುತ್ತ ಮಾತಾಡುತ್ತ ಕಣ್ಣೊರೆಸಿಕೊಂಡರು. “ಈ ಕಲೆ ಸತ್ತುಹೋಯ್ತು ಬಂಧುಗಳೇ. ಇನ್ನು ಇದನ್ನ ಹೊಲಿಯೋ ಒಂದು ಕೈಯೂ ನಮ್ಮೂರಲ್ಲಿ ಉಳಿದಿಲ್ಲ.” ಅವರ ತೋರುಬೆರಳಿನಲ್ಲಿ ದಬ್ಬಳ ಚುಚ್ಚಿದ ಗಾಯಕ್ಕೆ ಬಟ್ಟೆ ಸುತ್ತಿತ್ತು.

ಭಾಷಣ ಉದ್ದವಾಯಿತು. ಕಿಟಕಿಯಾಚೆ ಮಬ್ಬು ಇಳಿಯಿತು. ಮೊದಲು ಹಿಂದಿನ ಸಾಲಿನಲ್ಲಿ ಒಬ್ಬ ಎದ್ದ. ಆಮೇಲೆ ಇಬ್ಬರು. ಆಮೇಲೆ ಬೆಂಚು ಬೆಂಚೇ ಎದ್ದು, ಒಬ್ಬರ ಮುಖ ಒಬ್ಬರು ನೋಡದೆ, ಒಬ್ಬೊಬ್ಬರು ಒಂದೊಂದು ಕಡೆಗೆ ಹೊರಟರು. “ಚಳಿ ಜಾಸ್ತಿ ಆಯ್ತು” ಅಂದರು ಕೆಲವರು. ಅಧ್ಯಕ್ಷರು ಮಾತು ನಿಲ್ಲಿಸದೆಯೇ ವೇದಿಕೆಯಿಂದ ಇಳಿದು, ಕೈಯೆತ್ತಿ ಏನೋ ಹೇಳುತ್ತಲೇ, ಬಾಗಿಲಾಚೆ ನಿಂತಿದ್ದ ನಂಜಮ್ಮಣ್ಣಿಯ ಕಡೆಗೆ ನಡೆದರು. ಗಾಜಿನ ಪೆಟ್ಟಿಗೆಯೊಳಗೆ ಟಪ್ ಟಪ್ ಎಂದು ಸದ್ದಾಗತೊಡಗಿತು. ಮಾವನವರ ಮೆಟ್ಟು ಗಾಜಿಗೆ ತುದಿ ಬಡಿಯುತ್ತಿದ್ದವು. ಅತ್ತೆ ಶಾಲು ಮಡಚಿ ಕುರ್ಚಿಯ ಮೇಲಿಟ್ಟು, “ತಡೀರಪ್ಪ, ಇಲ್ಲೇ ಇದೀನಿ” ಎನ್ನುತ್ತ ಎದ್ದು ಹೋಗಿ, ಮುಚ್ಚಳ ಎತ್ತಿ, ಅವನ್ನು ಕಂಕುಳಲ್ಲಿ ಇಟ್ಟುಕೊಂಡರು. ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಶಾಲೆಯ ಮಕ್ಕಳ ಸಾಲಿನಲ್ಲಿ ಗೆಳತಿಯೊಡನೆ ಪಿಸುಮಾತಾಡುತ್ತ ಕೂತಿದ್ದ ಚುಕ್ಕಿ, ಮಾತು ಮುಗಿಸದೆಯೇ ಎದ್ದಳು. ಖಾಲಿ ಬೆಂಚುಗಳ ನಡುವೆ, ತಲೆ ಇನ್ನೂ ಗೆಳತಿಯ ಕಡೆಗೇ ತಿರುಗಿಸಿಕೊಂಡು, ಎಡಗಾಲೂ ಬಲಗಾಲೂ ಒಂದೇ ಸಮನೆ ಇಡುತ್ತ ಬಂದು ನನ್ನ ಮಂಡಿಗೆ ಢಿಕ್ಕಿ ಹೊಡೆದಳು.